ಹುತ್ತ ಕಟ್ಟಿದ ಗೆದ್ದಲಿಗೂ ಒಂದು ಹೆಸರಿದೆ

ವೀಡಿಯೋ ಗೇಮ್ ಆಡುವವರ ನಡುವೆ ಒಂದು ಜಗಳವಿದೆ. ಮೂರು ನಾಲ್ಕು ದಶಕಗಳಿಂದ ಅದು ನಡೆಯುತ್ತಲೇ ಇದೆ. ಮುಗಿಯುವ ಲಕ್ಷಣ ಕಾಣುವುದಿಲ್ಲ. ಆಟದಲ್ಲಿ ಗೆದ್ದವರು ಯಾರು ಎಂಬ ಜಗಳ ಅದಲ್ಲ. ಆಟದ ಯಂತ್ರದಲ್ಲಿರುವ ಇಂತಿಂಥ ಹೊಸತನ್ನು ಮೊದಲು ತಂದ ಕಂಪೆನಿ ಯಾವುದು ಎಂಬ ಜಗಳ. ಹೆಬ್ಬೆರಳಿನಿಂದ ಒತ್ತುವ, ಕೂಡುವ ಚಿಹ್ನೆಯಂತಿರುವ ಗುಂಡಿ ನಿಂಟೆಂಡೋದ್ದು ಎನ್ನುತ್ತಾನೆ ಒಬ್ಬ. ಕೈಯಲ್ಲಿ ನಡುಗುವ ಕಂಟ್ರೋಲರ್ ಸೋನಿಯದ್ದು ಎನ್ನುತ್ತಾನೆ ಇನ್ನೊಬ್ಬ. ಸೋನಿಗೆ ಸ್ವಂತದ್ದೆಂಬುದು ಏನಿದೆ, ಎಲ್ಲವೂ ನಿಂಟೆಂಡೋ ಮತ್ತು ಸೆಗಾದಿಂದ ಕದ್ದದ್ದು ಎಂದು ಮೂರನೆಯವನು ಗುಡುಗುತ್ತಾನೆ. ಗಲ್ಫಿನಿಂದ ರಜೆಗೆ ಬರುವ ಮಕ್ಕಳೂ ಊರಿನಲ್ಲಿರುವ ಮಕ್ಕಳೂ ಒಟ್ಟು ಸೇರಿದಾಗ ನಮ್ಮ ಮನೆಗಳಲ್ಲೂ ಈ ಜಗಳ ಊಟಕ್ಕೆ ಕುಳಿತಲ್ಲಿಯವರೆಗೆ ಬರುವುದುಂಟು.

ಹಿರಿಯರಿಗೆ ಇದು ಶುದ್ಧ ಕಾಲಹರಣ. ಕಂಪೆನಿಗಳು ಕೋಟಿಗಟ್ಟಲೆ ಸಂಪಾದಿಸುತ್ತವೆ, ಅವುಗಳ ಪರವಾಗಿ ನಮ್ಮ ಮಕ್ಕಳು ಪುಕ್ಕಟೆ ವಕಾಲತ್ತು ವಹಿಸುತ್ತವೆ ಎಂದು ಅವರು ಗೊಣಗುತ್ತಾರೆ. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೂ ಈ ಜಗಳವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲು ನಮಗೆ ಮನಸ್ಸು ಬರುವುದಿಲ್ಲ. ಯಾಕೆಂದರೆ ‘ಇದು ಯಾರದ್ದು?’ ಎಂದು ಕೇಳುವ ಮಗು ಕೇಳುತ್ತಿರುವುದು ನ್ಯಾಯದ ಪ್ರಶ್ನೆಯನ್ನು. ಅದಕ್ಕೆ ಸಿಗುವ ಉತ್ತರ ಮಾತ್ರ ಬರೀ ಕಂಪೆನಿಯ ಹೆಸರು. ಪ್ರಶ್ನೆ ದೊಡ್ಡದು, ಉತ್ತರ ಚಿಕ್ಕದು. ತೊಡಕು ಇರುವುದು ಅಲ್ಲಿ.

ನಮ್ಮ ತಲೆಮಾರಿಗೆ ಈ ಆಟ ಪರಿಚಯವಾದದ್ದು ತೊಂಬತ್ತರ ದಶಕದಲ್ಲಿ. ಟಿವಿಗೆ ಜೋಡಿಸುವ ಒಂದು ಪೆಟ್ಟಿಗೆ, ಅದಕ್ಕೆ ಎರಡು ಕಂಟ್ರೋಲರ್, ಮೇಲೆ ಸಿಕ್ಕಿಸಲು ಒಂದು ಕಾರ್ಟ್ರಿಜ್. ನಾವದನ್ನು ‘ಕ್ಯಾಸೆಟ್’ ಎಂದೇ ಕರೆಯುತ್ತಿದ್ದೆವು. ಗಂಟೆಗಿಷ್ಟು ಎಂದು ಬಾಡಿಗೆ ಪಡೆದು ಆಡಿಸುವ ಅಂಗಡಿಗಳೂ ಇದ್ದವು. ಹೀಗೆ ಮಾರಾಟವಾಗುತ್ತಿದ್ದ ಅಗ್ಗದ ಪೆಟ್ಟಿಗೆಗಳಲ್ಲಿ ಬಹುಪಾಲು, ನಿಂಟೆಂಡೋ ಕಂಪೆನಿ 1983ರ ಜುಲೈಯಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ‘ಫ್ಯಾಮಿಕಾಮ್’ ಯಂತ್ರದ ನಕಲುಗಳು. ಮೂಲ ಯಂತ್ರವನ್ನು ರೂಪಿಸಿದವರು ಮಸಾಯುಕಿ ಉಎಮುರಾ ಎಂಬ ಇಂಜಿನಿಯರ್. ಅವರು 2021ರ ಡಿಸೆಂಬರಿನಲ್ಲಿ ತೀರಿಕೊಂಡರು. ನಮ್ಮ ಊರುಗಳಲ್ಲಿ ಸಾವಿರಾರು ಮಕ್ಕಳ ಸಂಜೆಗಳನ್ನು ತುಂಬಿದ ಮನುಷ್ಯನ ಸಾವು ನಮ್ಮ ಊರುಗಳಲ್ಲಿ ಸುದ್ದಿಯೇ ಆಗಲಿಲ್ಲ. ಪೆಟ್ಟಿಗೆಯ ಮೇಲೆ ಯಾವ ಹೆಸರು ಅಚ್ಚಾಗಿತ್ತೋ ನಮಗೆ ಅದೊಂದೇ ಹೆಸರು. ಅದರ ಹಿಂದೆ ನಿಂಟೆಂಡೋ ಇತ್ತು. ನಿಂಟೆಂಡೋದ ಹಿಂದೆ ಉಎಮುರಾ ಇದ್ದರು. ಹೀಗೆ ಒಂದು ಹೆಸರು ಇನ್ನೊಂದನ್ನು ಮುಚ್ಚುತ್ತಾ ಹೋಗುತ್ತದೆ.

ಮೊದಲ ವೀಡಿಯೋ ಗೇಮ್‌ನ ಕತೆಯನ್ನೇ ತೆಗೆದುಕೊಳ್ಳಿ. ಹೆಚ್ಚಿನವರು ಹೇಳುವುದು ‘ಪಾಂಗ್’ ಎಂದು. ಕಂಪೆನಿ ಅಮೆರಿಕದ ಅಟಾರಿ, ವರ್ಷ 1972. ಪರದೆಯ ಎರಡು ಬದಿಗಳಲ್ಲಿ ಎರಡು ಗೆರೆಗಳು, ನಡುವೆ ಚೆಂಡಿನಂತೆ ಓಡಾಡುವ ಒಂದು ಚುಕ್ಕೆ. ಆಟ ಇಷ್ಟೇ. ಅಟಾರಿಯ ಸ್ಥಾಪಕರಲ್ಲೊಬ್ಬರಾದ ನೋಲನ್ ಬುಶ್ನೆಲ್ ಅವರನ್ನು ವೀಡಿಯೋ ಗೇಮ್‌ಗಳ ಪಿತಾಮಹ ಎಂದು ಬಹುಕಾಲ ಕೊಂಡಾಡಲಾಯಿತು. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ, ಪಾಂಗ್ ಹುಟ್ಟುವ ಮೊದಲೇ, ಕ್ಯಾಲಿಫೋರ್ನಿಯಾದ ಬರ್ಲಿಂಗೇಮ್ ಎಂಬಲ್ಲಿ ಮ್ಯಾಗ್ನವಾಕ್ಸ್ ಎಂಬ ಟಿವಿ ಕಂಪೆನಿ ‘ಒಡಿಸ್ಸಿ’ ಎಂಬ ತನ್ನ ಹೊಸ ಯಂತ್ರದ ಪ್ರದರ್ಶನ ಏರ್ಪಡಿಸಿತ್ತು. ಅದರಲ್ಲಿ ಟೇಬಲ್ ಟೆನಿಸ್ ಆಟವಿತ್ತು. ಬಂದವರು ಸಹಿ ಹಾಕುವ ಪುಸ್ತಕದಲ್ಲಿ ಬುಶ್ನೆಲ್ ಅವರ ಸಹಿಯೂ ಇತ್ತು. ಮುಂದೆ ವ್ಯಾಜ್ಯ ನಡೆದಾಗ ಆ ಸಹಿ ಮುಖ್ಯ ಸಾಕ್ಷ್ಯಗಳಲ್ಲೊಂದಾಯಿತು.

ಹಾಗಾದರೆ ಶ್ರೇಯಸ್ಸು ಮ್ಯಾಗ್ನವಾಕ್ಸ್‌ಗೆ ಸಲ್ಲಬೇಕೇ? ಅದೂ ಪೂರ್ತಿ ಸರಿಯಲ್ಲ. ಮ್ಯಾಗ್ನವಾಕ್ಸ್ ಆ ಯಂತ್ರವನ್ನು ಮಾಡಿ ಮಾರುವ ಹಕ್ಕನ್ನು ಪಡೆದಿತ್ತು, ಅಷ್ಟೇ. ಅದು ಹುಟ್ಟಿದ್ದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಸ್ಯಾಂಡರ್ಸ್ ಅಸೋಸಿಯೇಟ್ಸ್ ಎಂಬ ಸಂಸ್ಥೆಯಲ್ಲಿ. ಸೈನ್ಯಕ್ಕೆ ಬೇಕಾದ ಇಲೆಕ್ಟ್ರಾನಿಕ್ ಸಲಕರಣೆಗಳನ್ನು ಮಾಡುತ್ತಿದ್ದ ಆ ಸಂಸ್ಥೆಗೂ ಮಕ್ಕಳಾಟಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅಲ್ಲಿ ರಾಲ್ಫ್ ಬೇರ್ ಎಂಬ ಇಂಜಿನಿಯರ್ ಇದ್ದರು. 1922ರಲ್ಲಿ ಜರ್ಮನಿಯ ಒಂದು ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ನಾಝಿಗಳ ಆಡಳಿತದಲ್ಲಿ ಯಹೂದಿ ಎಂಬ ಕಾರಣಕ್ಕೆ ಶಾಲೆಯಿಂದ ಹೊರದಬ್ಬಿಸಿಕೊಂಡವರು. 1938ರಲ್ಲಿ ಕುಟುಂಬದೊಂದಿಗೆ ಅಮೆರಿಕಕ್ಕೆ ಓಡಿಬಂದು, ಕಾರ್ಖಾನೆಯಲ್ಲಿ ದುಡಿಯುತ್ತಾ, ಅಂಚೆ ಮೂಲಕ ರೇಡಿಯೋ ರಿಪೇರಿ ಕಲಿತವರು. 1966ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಒಂದು ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಾಗ, ಮನೆಮನೆಯಲ್ಲಿರುವ ಟಿವಿಯನ್ನು ಬರೀ ನೋಡುವುದಕ್ಕಲ್ಲದೆ ಆಡುವುದಕ್ಕೂ ಬಳಸಬಾರದೇಕೆ ಎಂದು ಅವರಿಗೆ ಹೊಳೆಯಿತು. ಸೆಪ್ಟೆಂಬರ್ 1ರಂದು ಅದನ್ನು ನಾಲ್ಕು ಪುಟಗಳಲ್ಲಿ ಬರೆದಿಟ್ಟರು.

ಇಲ್ಲಿಗೆ ಕತೆ ಮುಗಿಯಿತೇ? ಇಲ್ಲ. ಬೇರ್ ಅವರ ಜೊತೆ ಬಿಲ್ ಹ್ಯಾರಿಸನ್ ಎಂಬ ತಂತ್ರಜ್ಞರಿದ್ದರು. ತಂತಿಗಳನ್ನು ಬೆಸೆದು ಯಂತ್ರಕ್ಕೆ ಜೀವ ಕೊಟ್ಟವರು ಅವರು. ಬಿಲ್ ರಶ್ ಎಂಬ ಇಂಜಿನಿಯರ್ ಕೂಡಾ ಇದ್ದರು. ಅಲ್ಲಿಯವರೆಗೆ ಪರದೆಯ ಮೇಲಿದ್ದದ್ದು ಇಬ್ಬರು ಆಟಗಾರರು ಓಡಿಸುವ ಎರಡು ಚುಕ್ಕೆಗಳು. ಯಂತ್ರವೇ ಓಡಿಸುವ ಮೂರನೆಯ ಚುಕ್ಕೆಯೊಂದು ಇರಲಿ, ಅದೇ ಚೆಂಡಾಗಲಿ ಎಂಬ ಯೋಚನೆ ಬಂದದ್ದು ರಶ್ ಅವರಿಗೆ. ಪಾಂಗ್ ಮಾತ್ರವಲ್ಲ, ಚೆಂಡಿನಾಟಗಳ ಇಡೀ ವಂಶವೇ ಆ ಮೂರನೆಯ ಚುಕ್ಕೆಯಿಂದ ಬಂದದ್ದು. ಅವರ ಹೆಸರು ಇವತ್ತು ಎಷ್ಟು ಮಂದಿಗೆ ಗೊತ್ತು?

1974ರಲ್ಲಿ ಮ್ಯಾಗ್ನವಾಕ್ಸ್ ನ್ಯಾಯಾಲಯಕ್ಕೆ ಹೋಯಿತು. 1976ರ ಜೂನ್‌ನಲ್ಲಿ ಅಟಾರಿ ರಾಜಿ ಮಾಡಿಕೊಂಡು ಹಣ ತೆತ್ತು ಪರವಾನಗಿ ಪಡೆಯಿತು. ರಾಜಿಗೆ ಬಾರದ ಬೇರೆ ಕಂಪೆನಿಗಳ ವಿರುದ್ಧ 1977ರ ಜನವರಿಯಲ್ಲಿ ಶಿಕಾಗೋದ ಫೆಡರಲ್ ನ್ಯಾಯಾಧೀಶ ಜಾನ್ ಗ್ರೇಡಿ ತೀರ್ಪು ನೀಡಿದರು. ಈ ಕ್ಷೇತ್ರಕ್ಕೆ ದಾರಿ ತೆರೆದ ಪೇಟೆಂಟ್ ಇದು ಎಂಬುದನ್ನು ಅವರು ಎತ್ತಿಹಿಡಿದರು. ಎಂಬತ್ತರ ದಶಕದಲ್ಲಿ ನಿಂಟೆಂಡೋ ಕೂಡಾ ಇದೇ ಪೇಟೆಂಟುಗಳನ್ನು ರದ್ದುಪಡಿಸಲು ನ್ಯಾಯಾಲಯದ ಮೆಟ್ಟಿಲೇರಿತು. ಅದು ಮುಂದಿಟ್ಟ ವಾದ ಕುತೂಹಲಕಾರಿ. ಬೇರ್ ಮೊದಲಿಗರೇ ಅಲ್ಲ, ಅವರಿಗಿಂತ ಮೊದಲೇ ವಿಲಿಯಂ ಹಿಗಿನ್‌ಬಾಥಮ್ ಎಂಬ ವಿಜ್ಞಾನಿ ಇಂಥದ್ದನ್ನು ಮಾಡಿದ್ದರು ಎಂದು ಅದು ಹೇಳಿತು.

ವಿಷಯ ನಿಜವೇ. ಹಿಗಿನ್‌ಬಾಥಮ್ 1958ರ ಅಕ್ಟೋಬರಿನಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯಕ್ಕೆ ಸಂದರ್ಶಕರು ಬರುವ ದಿನದಂದು, ಅವರಿಗೆ ಬೇಸರವಾಗದಿರಲೆಂದು ಪುಟ್ಟದೊಂದು ಟೆನಿಸ್ ಆಟವನ್ನು ಸಿದ್ಧಪಡಿಸಿದ್ದರು. ಅದನ್ನು ಜೋಡಿಸಿದವರು ರಾಬರ್ಟ್ ಡ್ವೊರಾಕ್ ಎಂಬ ತಂತ್ರಜ್ಞ. ಜನ ಸಾಲುಗಟ್ಟಿ ನಿಂತು ಆಡಿದರು. ಮರುವರ್ಷ ಇನ್ನೊಮ್ಮೆ ತೋರಿಸಿ, ಬಳಿಕ ಯಂತ್ರವನ್ನು ಬಿಚ್ಚಿ ಬಿಡಿಭಾಗಗಳನ್ನು ಬೇರೆ ಕೆಲಸಕ್ಕೆ ಬಳಸಿದರು. ಅವರು ಪೇಟೆಂಟ್ ಕೇಳಲಿಲ್ಲ, ಪ್ರಚಾರವನ್ನೂ ಬಯಸಲಿಲ್ಲ. ಆದರೆ ಅವರ ಯಂತ್ರ ಟಿವಿಯ ಸಂಕೇತವನ್ನು ಬಳಸುತ್ತಿರಲಿಲ್ಲ, ಪ್ರಯೋಗಾಲಯದ ಆಸಿಲೋಸ್ಕೋಪ್ ಪರದೆಯ ಮೇಲೆ ಮೂಡುತ್ತಿತ್ತು. ಹಾಗಾಗಿ ನಿಂಟೆಂಡೋದ ವಾದ ನ್ಯಾಯಾಲಯದಲ್ಲಿ ಗೆಲ್ಲಲಿಲ್ಲ. ಇಲ್ಲಿ ಹೇಳಲೇಬೇಕಾದ ಇನ್ನೊಂದು ಮಾತಿದೆ. ಹಿಗಿನ್‌ಬಾಥಮ್ ಎರಡನೇ ಮಹಾಯುದ್ಧದ ಕಾಲದಲ್ಲಿ ಅಣುಬಾಂಬ್ ಯೋಜನೆಯಲ್ಲಿ ದುಡಿದವರು. ಬಾಂಬ್ ಬಿದ್ದ ಬಳಿಕ ಉಳಿದ ಜೀವನದ ಬಹುಭಾಗವನ್ನು ಅಣ್ವಸ್ತ್ರ ಹರಡುವುದನ್ನು ತಡೆಯುವ ಕೆಲಸಕ್ಕೆ ಕೊಟ್ಟರು. ಜನ ತನ್ನನ್ನು ಆ ಕೆಲಸಕ್ಕಾಗಿ ನೆನೆಯಲಿ, ಆಟಕ್ಕಾಗಿ ಅಲ್ಲ ಎಂಬುದು ಅವರ ಆಸೆಯಾಗಿತ್ತು. ‘ಮೊದಲಿಗ’ ಎಂಬ ಪಟ್ಟಕ್ಕಾಗಿ ಕಂಪೆನಿಗಳು ಅವರ ಹೆಸರನ್ನು ಎಳೆದಾಡುತ್ತಿದ್ದಾಗ, ಆ ಪಟ್ಟ ಅವರಿಗೆ ಬೇಕೇ ಇರಲಿಲ್ಲ.

ಈಗ ಅಟಾರಿಯ ಪಾಲು ಎಷ್ಟೆಂದು ನೋಡೋಣ. ಬರೀ ಕದ್ದದ್ದು ಎಂದು ತಳ್ಳಿಹಾಕಿದರೆ ಇನ್ನೊಬ್ಬರಿಗೆ ಅನ್ಯಾಯವಾಗುತ್ತದೆ. ಪಾಂಗನ್ನು ಕಟ್ಟಿದವರು ಅಲನ್ ಆಲ್ಕಾರ್ನ್ ಎಂಬ ಯುವ ಇಂಜಿನಿಯರ್. ಕೆಲಸ ಕಲಿಯಲೆಂದು ಬುಶ್ನೆಲ್ ಕೊಟ್ಟ ಅಭ್ಯಾಸ ಅದು. ಒಡಿಸ್ಸಿಯಲ್ಲಿ ಶಬ್ದವಿರಲಿಲ್ಲ, ಅಂಕ ತೋರಿಸುವ ವ್ಯವಸ್ಥೆಯೂ ಇರಲಿಲ್ಲ. ಆಟದ ಅಂಕಣ ಬೇಕಾದರೆ ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ಟಿವಿಯ ಮೇಲೆ ಅಂಟಿಸಬೇಕಿತ್ತು. ಆಲ್ಕಾರ್ನ್ ಅಂಕ ತಂದರು, ಚೆಂಡು ತಾಗಿದಾಗ ಟಕ್ ಎನ್ನುವ ಶಬ್ದ ತಂದರು, ಗೆರೆಯ ಯಾವ ಭಾಗಕ್ಕೆ ತಗಲಿತೆಂಬುದನ್ನು ಹೊಂದಿಕೊಂಡು ಚೆಂಡು ಬೇರೆ ಬೇರೆ ಕೋನದಲ್ಲಿ ಚಿಮ್ಮುವಂತೆ ಮಾಡಿದರು. ಹೊತ್ತು ಹೋದಂತೆ ಅದರ ವೇಗ ಹೆಚ್ಚುವಂತೆ ಮಾಡಿದರು. ಯೋಚನೆ ಒಬ್ಬರದ್ದು, ರುಚಿ ಇನ್ನೊಬ್ಬರದ್ದು. ಎರಡೂ ನಿಜ.

ಇನ್ನು ಬುಶ್ನೆಲ್ ಅವರಿಗೆ ಆಟಗಳ ಹುಚ್ಚು ಹಿಡಿಸಿದ್ದು ‘ಸ್ಪೇಸ್‌ವಾರ್’. 1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಕೋಣೆ ತುಂಬುವಂಥ ಕಂಪ್ಯೂಟರೊಂದಕ್ಕೆ ಬರೆದ ಆಟ ಅದು. ಒಬ್ಬರು ಹಡಗುಗಳನ್ನು ಓಡಿಸಿದರೆ, ಇನ್ನೊಬ್ಬರು ಆಕಾಶಕ್ಕೆ ನಕ್ಷತ್ರಗಳನ್ನು ತಂದರು, ಮತ್ತೊಬ್ಬರು ಗುರುತ್ವಾಕರ್ಷಣೆಯನ್ನು ಸೇರಿಸಿದರು. ಅವರು ಅದನ್ನು ಮಾರಲಿಲ್ಲ. ಕೇಳಿದವರಿಗೆಲ್ಲ ಕೊಟ್ಟರು. ವಿಶ್ವವಿದ್ಯಾನಿಲಯದಿಂದ ವಿಶ್ವವಿದ್ಯಾನಿಲಯಕ್ಕೆ ಅದು ಕೈಯಿಂದ ಕೈಗೆ ಹರಡಿತು. ಪಾಂಗ್‌ಗಿಂತ ಮೊದಲು, 1971ರಲ್ಲಿ ಬುಶ್ನೆಲ್ ಮತ್ತು ಟೆಡ್ ಡಾಬ್ನಿ ನಾಣ್ಯ ಹಾಕಿ ಆಡುವ ಯಂತ್ರವಾಗಿ ಹೊರತಂದದ್ದು ಅದರದ್ದೇ ಒಂದು ರೂಪವನ್ನು. ಇವತ್ತು ಒಂದೊಂದು ಗುಂಡಿಗೂ ಪೇಟೆಂಟ್ ಕೇಳುವ ಈ ಉದ್ಯಮದ ಬೇರಿನಲ್ಲಿರುವುದು ಯಾರೂ ಹಣ ಕೇಳದೆ ಹಂಚಿದ ಒಂದು ಆಟ ಎಂಬುದನ್ನು ನಾವು ಮರೆಯಬಾರದು.

ನಾವು ಕ್ಯಾಸೆಟ್ ಎಂದು ಕರೆಯುತ್ತಿದ್ದ ಕಾರ್ಟ್ರಿಜ್‌ನ ಕತೆಯೂ ಭಿನ್ನವಲ್ಲ. ಒಂದೇ ಯಂತ್ರದಲ್ಲಿ ಬೇರೆ ಬೇರೆ ಆಟಗಳನ್ನು ಹಾಕಿ ಆಡಬಹುದೆಂದು ಜಗತ್ತಿಗೆ ತೋರಿಸಿದ್ದು ಅಟಾರಿ ಎಂದೇ ಬಹಳ ಮಂದಿ ನಂಬಿದ್ದಾರೆ. ಅಟಾರಿಯ ಆ ಯಂತ್ರ ಬಂದದ್ದು 1977ರಲ್ಲಿ. ಅದಕ್ಕೂ ಮೊದಲು, 1976ರ ನವೆಂಬರಿನಲ್ಲೇ, ಫೇರ್‌ಚೈಲ್ಡ್ ಎಂಬ ಚಿಪ್ ತಯಾರಿಕಾ ಕಂಪೆನಿ ‘ಚಾನೆಲ್ ಎಫ್’ ಯಂತ್ರವನ್ನು ಮಾರುಕಟ್ಟೆಗೆ ತಂದಿತ್ತು. ಆ ತಂಡದ ಮುಖ್ಯಸ್ಥರಾಗಿದ್ದವರು ಜೆರಿ ಲಾಸನ್. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಕಪ್ಪು ವರ್ಣೀಯ ಇಂಜಿನಿಯರ್. ಆ ಕಾಲದ ಸಿಲಿಕಾನ್ ವ್ಯಾಲಿಯಲ್ಲಿ ಅವರಂಥವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಆಟವನ್ನು ನಡುವೆ ನಿಲ್ಲಿಸಿ ಮತ್ತೆ ಮುಂದುವರಿಸುವ ಗುಂಡಿಯೂ ಆ ಯಂತ್ರದಲ್ಲಿತ್ತು. ಯಂತ್ರ ಹೆಚ್ಚು ಮಾರಾಟವಾಗಲಿಲ್ಲ. ಕಂಪೆನಿ ಆ ಕ್ಷೇತ್ರವನ್ನೇ ಬಿಟ್ಟಿತು. ಲಾಸನ್ ಮರೆವಿಗೆ ಸಂದರು. ಆಟ ತಯಾರಕರ ಅಂತಾರಾಷ್ಟ್ರೀಯ ಸಂಘ ಅವರನ್ನು ಗುರುತಿಸಿ ಗೌರವಿಸಿದ್ದು 2011ರ ಮಾರ್ಚ್‌ನಲ್ಲಿ. ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಮೂವತ್ತೈದು ವರ್ಷ ಕಾದ ಗೌರವವನ್ನು ಅನುಭವಿಸಲು ಅವರಿಗೆ ಸಿಕ್ಕಿದ್ದು ಒಂದು ತಿಂಗಳು.

ಇಲ್ಲಿಯೂ ಒಂದು ಮಾತು ಸೇರಿಸದಿದ್ದರೆ ನಾವೂ ಅನ್ಯಾಯ ಮಾಡಿದಂತೆ. ಕಾರ್ಟ್ರಿಜ್‌ನ ಮೂಲ ಯೋಚನೆ ಲಾಸನ್ ಅವರದ್ದಲ್ಲ. ಆಲ್ಪೆಕ್ಸ್ ಎಂಬ ಸಣ್ಣ ಕಂಪೆನಿಯ ವ್ಯಾಲೇಸ್ ಕಿರ್ಶ್ನರ್ ಮತ್ತು ಲಾರೆನ್ಸ್ ಹ್ಯಾಸ್ಕೆಲ್ ಎಂಬ ಇಬ್ಬರು ಅದರ ಮಾದರಿಯನ್ನು ಮಾಡಿ, ಕೊಳ್ಳುವವರಿಗಾಗಿ ಅಲೆದಿದ್ದರು. ಮಕ್ಕಳು ನೂರಾರು ಸಲ ಸಿಕ್ಕಿಸಿ ತೆಗೆದರೂ ಹಾಳಾಗದ ವಸ್ತುವನ್ನಾಗಿ ಅದನ್ನು ಬೆಳೆಸಿದ್ದು ಲಾಸನ್ ಮತ್ತು ಸಂಗಡಿಗರು. ಲಾಸನ್ ಅವರನ್ನು ಮರೆತದ್ದು ಅನ್ಯಾಯ. ಆ ಅನ್ಯಾಯವನ್ನು ಸರಿಪಡಿಸುವ ಉತ್ಸಾಹದಲ್ಲಿ ಕಿರ್ಶ್ನರ್, ಹ್ಯಾಸ್ಕೆಲ್‌ರನ್ನು ಮರೆತರೆ ಅದೂ ಅನ್ಯಾಯವೇ.

ಮಕ್ಕಳ ಜಗಳದ ಮುಖ್ಯ ವಸ್ತುವಾದ ಗುಂಡಿಗಳ ವಿಷಯಕ್ಕೆ ಬರೋಣ. ಕೂಡುವ ಚಿಹ್ನೆಯಂಥ ಗುಂಡಿಯನ್ನು 1982ರಲ್ಲಿ ನಿಂಟೆಂಡೋದ ಕೈಯಾಟವೊಂದಕ್ಕೆ ತಂದವರು ಗುನ್ಪೇ ಯೊಕೊಯಿ. ಇಸ್ಪೀಟಿನಂಥ ಎಲೆಗಳನ್ನು ಅಚ್ಚು ಹಾಕುತ್ತಿದ್ದ ನಿಂಟೆಂಡೋದಲ್ಲಿ ಯಂತ್ರಗಳ ನಿರ್ವಹಣೆಗೆಂದು ಸೇರಿ, ಬಿಡುವಿನಲ್ಲಿ ಮಾಡಿದ ಆಟಿಕೆಯಿಂದ ಯಜಮಾನರ ಕಣ್ಣಿಗೆ ಬಿದ್ದವರು. ಹಳತಾದ, ಅಗ್ಗವಾದ ತಂತ್ರಜ್ಞಾನವನ್ನು ಹೊಸ ರೀತಿಯಲ್ಲಿ ಬಳಸಬೇಕೆಂಬುದು ಅವರ ಸಿದ್ಧಾಂತ. ಆದರೆ ನಾಲ್ಕು ದಿಕ್ಕಿನ ಗುಂಡಿ 1981ರಲ್ಲೇ ಅಮೆರಿಕದ ಮಿಲ್ಟನ್ ಬ್ರಾಡ್ಲಿ ಕಂಪೆನಿಯ ಕೈಯಾಟವೊಂದರಲ್ಲಿ ಬಂದಿತ್ತು. ಕಣ್ಣು ಪರದೆಯ ಮೇಲಿದ್ದಾಗಲೂ ಹೆಬ್ಬೆರಳಿಗೆ ದಿಕ್ಕು ತಿಳಿಯುವಂತೆ ಅದನ್ನು ಪಳಗಿಸಿದ್ದು ಯೊಕೊಯಿ. ನಡುಗುವ ಕಂಟ್ರೋಲರ್ ವಿಷಯವೂ ಹೀಗೆಯೇ. ನಿಂಟೆಂಡೋ ಮತ್ತು ಸೋನಿ ಎರಡೂ 1997ರಲ್ಲಿ ಅದನ್ನು ಮನೆಗಳಿಗೆ ತಂದವು. ಆದರೆ ಸೆಗಾ ಕಂಪೆನಿಯ ಮೋಟಾರ್‌ಸೈಕಲ್ ಆಟವೊಂದರ ಹ್ಯಾಂಡಲ್ 1976ರಲ್ಲೇ ಆಟದಂಗಡಿಗಳಲ್ಲಿ ನಡುಗುತ್ತಿತ್ತು. ಕೊನೆಗೆ 2002ರಲ್ಲಿ ಇಮ್ಮರ್ಶನ್ ಎಂಬ ಬೇರೆಯೇ ಕಂಪೆನಿ, ನಡುಕದ ಪೇಟೆಂಟ್ ತನ್ನದು ಎಂದು ಸೋನಿಯ ವಿರುದ್ಧ ಮೊಕದ್ದಮೆ ಹೂಡಿ ಗೆದ್ದಿತು. 2006ರಲ್ಲಿ ಪ್ಲೇಸ್ಟೇಷನ್ 3 ಬಂದಾಗ ಅದರ ಕಂಟ್ರೋಲರ್ ನಡುಗುತ್ತಿರಲಿಲ್ಲ. 2007ರಲ್ಲಿ ರಾಜಿಯಾದ ಬಳಿಕವೇ ನಡುಕ ಮರಳಿ ಬಂದದ್ದು.

ಸೋನಿ ಮತ್ತು ನಿಂಟೆಂಡೋ ಅಭಿಮಾನಿಗಳು ಹಾವು ಮುಂಗುಸಿಯಂತೆ ಕಾದಾಡುತ್ತಾರಷ್ಟೆ. ನಿಂಟೆಂಡೋದ 1990ರ ಸೂಪರ್ ಫ್ಯಾಮಿಕಾಮ್‌ನಲ್ಲಿ ಸಂಗೀತ ನುಡಿಸುತ್ತಿದ್ದ ಚಿಪ್ಪನ್ನು ವಿನ್ಯಾಸ ಮಾಡಿದವರು ಸೋನಿಯ ಉದ್ಯೋಗಿ ಕೆನ್ ಕುತಾರಗಿ. 1994ರಲ್ಲಿ ಸೋನಿಯ ಪ್ಲೇಸ್ಟೇಷನ್ ತಂದವರೂ ಅವರೇ. ನಿಂಟೆಂಡೋದ ರಾಗಗಳನ್ನು ನೆನೆದು ಕಣ್ಣೊದ್ದೆ ಮಾಡಿಕೊಳ್ಳುವವರು ನೆನೆಯುತ್ತಿರುವುದು ಸೋನಿಯ ಚಿಪ್ ನುಡಿಸಿದ ಸಂಗೀತವನ್ನು!

ಇಷ್ಟೆಲ್ಲ ಓದಿದ ಮೇಲೆ ನಮಗನ್ನಿಸುವುದು ಇದು. ಒಬ್ಬರಿಂದ ಇನ್ನೊಬ್ಬರು ಪಡೆಯುವುದು ತಪ್ಪಲ್ಲ. ಪಡೆಯದೆ ಯಾವುದೂ ಬೆಳೆಯುವುದಿಲ್ಲ. ತಪ್ಪು ಇರುವುದು ಕೊಟ್ಟವರ ಹೆಸರನ್ನು ಅಳಿಸುವುದರಲ್ಲಿ. ‘ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ’ ಎಂಬ ಗಾದೆ ನಮ್ಮಲ್ಲಿದೆ. ಹಾವಿಗೆ ಮನೆ ಸಿಕ್ಕಿದ್ದಕ್ಕೆ ನಮ್ಮ ತಕರಾರಿಲ್ಲ. ಕಟ್ಟಿದ್ದೂ ನಾನೇ ಎಂದು ಅದು ಹೆಡೆಯೆತ್ತಿದಾಗ ಸುಮ್ಮನಿರಲಾಗುವುದಿಲ್ಲ.

ಹೆಸರು ಅಳಿಸುವ ಈ ಕೆಲಸ ಕಾಲದ ಮರೆವಿನಿಂದ ಮಾತ್ರ ಆದದ್ದಲ್ಲ. ಎಷ್ಟೋ ಕಡೆ ಅದು ಕಂಪೆನಿಯ ನಿಯಮವೇ ಆಗಿತ್ತು. ಎಪ್ಪತ್ತರ ದಶಕದ ಅಟಾರಿಯಲ್ಲಿ ಒಂದು ಆಟವನ್ನು ಸಾಮಾನ್ಯವಾಗಿ ಒಬ್ಬನೇ ಪ್ರೋಗ್ರಾಮರ್ ತಿಂಗಳುಗಟ್ಟಲೆ ಕುಳಿತು ಬರೆಯುತ್ತಿದ್ದ. ಆದರೆ ಪೆಟ್ಟಿಗೆಯ ಮೇಲೆ ಅವನ ಹೆಸರಿಲ್ಲ. ಮಾರಾಟದಲ್ಲಿ ಪಾಲೂ ಇಲ್ಲ. ಡೇವಿಡ್ ಕ್ರೇನ್ ಸೇರಿದಂತೆ ನಾಲ್ವರು ಪ್ರೋಗ್ರಾಮರ್‌ಗಳು ಹೋಗಿ ಇದನ್ನು ಕೇಳಿದರು. ಕಾರ್ಖಾನೆಯಲ್ಲಿ ಕಾರ್ಟ್ರಿಜ್ ಜೋಡಿಸುವವರಿಗಿಂತ ನೀವೇನೂ ಹೆಚ್ಚಲ್ಲ ಎಂಬ ಅರ್ಥದ ಉತ್ತರ ಸಿಕ್ಕಿತೆಂದು ಕ್ರೇನ್ ಹೇಳಿದ್ದಾರೆ. ಅವರು ಹೊರನಡೆದು 1979ರಲ್ಲಿ ‘ಆಕ್ಟಿವಿಷನ್’ ಕಂಪೆನಿಯನ್ನು ಸ್ಥಾಪಿಸಿದರು. ಆಟ ಬರೆದವರ ಹೆಸರನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದರು. ಯಂತ್ರ ಒಬ್ಬರದ್ದು, ಆಟ ಇನ್ನೊಬ್ಬರದ್ದು ಎಂಬ ಇವತ್ತಿನ ಪದ್ಧತಿ ಅಲ್ಲಿಂದ ಆರಂಭವಾಯಿತು. ಒಂದು ದೊಡ್ಡ ಬದಲಾವಣೆ ಹುಟ್ಟಿದ್ದು ಹೊಸ ಚಿಪ್ಪಿನಿಂದಲ್ಲ, ಹೆಸರಿಗಾಗಿ ಆದ ನೋವಿನಿಂದ.

ಅದೇ ಅಟಾರಿಯಲ್ಲಿ ವಾರೆನ್ ರಾಬಿನೆಟ್ ಎಂಬ ಇನ್ನೊಬ್ಬರು ಬೇರೆ ದಾರಿ ಹಿಡಿದರು. ‘ಅಡ್ವೆಂಚರ್’ ಎಂಬ ತನ್ನ ಆಟದೊಳಗೆ ಯಾರಿಗೂ ಕಾಣದ ಒಂದು ಗುಪ್ತ ಕೋಣೆಯನ್ನು ಮಾಡಿದರು. ಅದರಲ್ಲಿ ಇದನ್ನು ಮಾಡಿದ್ದು ನಾನು ಎಂದು ತನ್ನ ಹೆಸರು ಬರೆದರು. ಕಂಪೆನಿಗೆ ಹೇಳಲಿಲ್ಲ. ಅವರು ಕೆಲಸ ಬಿಟ್ಟ ಬಳಿಕ, 1980ರಲ್ಲಿ, ಆಟ ಆಡುತ್ತಿದ್ದ ಹುಡುಗನೊಬ್ಬ ಆ ಕೋಣೆಯನ್ನು ಕಂಡು ಕಂಪೆನಿಗೆ ಪತ್ರ ಬರೆದ. ಆಟಗಳಲ್ಲಿ ಹೀಗೆ ಬಚ್ಚಿಟ್ಟದ್ದಕ್ಕೆ ‘ಈಸ್ಟರ್ ಎಗ್’ ಎಂಬ ಹೆಸರು ಬಂದದ್ದು ಆಗ. ಇದೇ ಮೊದಲ ಈಸ್ಟರ್ ಎಗ್ ಎಂದು ಬಹುಕಾಲ ನಂಬಲಾಗಿತ್ತು. ಆದರೆ ಅಟಾರಿಯದ್ದೇ 1977ರ ಇನ್ನೊಂದು ಆಟದಲ್ಲಿ ರಾನ್ ಮಿಲ್ನರ್ ಎಂಬವರು ತನ್ನ ಹೆಸರನ್ನು ಹುದುಗಿಸಿಟ್ಟದ್ದು 2017ರಲ್ಲಿ ಬಯಲಾಯಿತು. ನಲ್ವತ್ತು ವರ್ಷ ಅದು ಯಾರ ಕಣ್ಣಿಗೂ ಬೀಳದೆ ಕಾದಿತ್ತು. ತಾನು ಮಾಡಿದ ಕೆಲಸದ ಮೇಲೆ ತನ್ನ ಹೆಸರು ಬರೆಯಲು ಮನುಷ್ಯ ಕಳ್ಳನಂತೆ ಅಡಗಬೇಕಾಗಿ ಬಂದದ್ದು ಎಂಥ ವಿಪರ್ಯಾಸ!

ನಮ್ಮ ಜಾತ್ರೆ, ಉರೂಸುಗಳ ಸಂತೆಯಲ್ಲಿ ಒಂದು ಕಾಲದಲ್ಲಿ ‘ಬ್ರಿಕ್ ಗೇಮ್’ ಎಂಬ ಅಗ್ಗದ ಆಟಿಕೆ ಸಿಗುತ್ತಿತ್ತು. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಆಟ. ಅದರ ಮೂಲ ‘ಟೆಟ್ರಿಸ್’. 1984ರಲ್ಲಿ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಅಲೆಕ್ಸಿ ಪಜಿಟ್ನೋವ್ ಅದನ್ನು ಮಾಡಿದರು. ಅವರ ಕಂಪ್ಯೂಟರಿಗೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ, ಹಾಗಾಗಿ ಆವರಣ ಚಿಹ್ನೆಗಳನ್ನೇ ಇಟ್ಟಿಗೆಗಳನ್ನಾಗಿ ಬಳಸಿದರು. ವಾದಿಮ್ ಗೆರಾಸಿಮೋವ್ ಎಂಬ ಶಾಲಾ ಹುಡುಗ ಅದನ್ನು ಐಬಿಎಂ ಕಂಪ್ಯೂಟರಿಗೆ ಅಳವಡಿಸಲು ನೆರವಾದ. ಮುಂದೆ ಬ್ರಿಟನ್, ಅಮೆರಿಕ, ಜಪಾನಿನ ಕಂಪೆನಿಗಳು ಅದರ ಹಕ್ಕಿಗಾಗಿ ಕಚ್ಚಾಡಿದವು. 1989ರಲ್ಲಿ ನಿಂಟೆಂಡೋ ಗೆದ್ದಿತು. ಅದರ ‘ಗೇಮ್ ಬಾಯ್’ ಜೊತೆ ಟೆಟ್ರಿಸ್ ಜಗತ್ತನ್ನೇ ಸುತ್ತಿತು. ಇಷ್ಟಾಗಿಯೂ ಪಜಿಟ್ನೋವ್ ಅವರಿಗೆ ರಾಯಧನ ಸಿಗಲಾರಂಭಿಸಿದ್ದು 1996ರಲ್ಲಿ. ಹನ್ನೆರಡು ವರ್ಷಗಳ ಕಾಲ ಎಲ್ಲರೂ ಗೆದ್ದರು, ಮಾಡಿದವರೊಬ್ಬರನ್ನು ಬಿಟ್ಟು.

ಇದೆಲ್ಲ ಹಳೆಯ ಕತೆ, ಈಗ ಕಾಲ ಬದಲಾಗಿದೆ ಎನ್ನುವವರಿದ್ದಾರೆ. ನಿಜಕ್ಕೂ ಬದಲಾಗಿದೆಯೇ? 2014ರಲ್ಲಿ ಮಾನೊಲಿತ್ ಎಂಬ ಸ್ಟುಡಿಯೋ ಒಂದು ಆಟ ಮಾಡಿತು. ಅದರಲ್ಲಿ ನಿಮ್ಮಿಂದ ಸೋತು ಪಾರಾದ ಶತ್ರು ನಿಮ್ಮನ್ನು ನೆನಪಿಟ್ಟುಕೊಂಡು ಮತ್ತೆ ಎದುರಾಗುತ್ತಾನೆ. ಆ ವಿಧಾನಕ್ಕೆ ಮಾಲೀಕ ಕಂಪೆನಿಯಾದ ವಾರ್ನರ್ ಬ್ರದರ್ಸ್ 2021ರಲ್ಲಿ ಪೇಟೆಂಟ್ ಪಡೆಯಿತು. 2025ರ ಫೆಬ್ರವರಿಯಲ್ಲಿ ಸ್ಟುಡಿಯೋವನ್ನೇ ಮುಚ್ಚಿತು. ಯೋಚಿಸಿದ ತಂಡ ಚದುರಿತು, ಯೋಚನೆಯ ಪೇಟೆಂಟ್ ಮಾತ್ರ ಕಂಪೆನಿಯ ಬಳಿ ಉಳಿಯಿತು. 2021ರಲ್ಲೇ ಸ್ಪೇನಿನ ಮರ್ಕ್ಯುರಿಸ್ಟೀಮ್ ಸ್ಟುಡಿಯೋ ಮಾಡಿದ ‘ಮೆಟ್ರಾಯ್ಡ್ ಡ್ರೆಡ್’ ಆಟದ ಕೊನೆಯ ಪಟ್ಟಿಯಲ್ಲಿ ಅದಕ್ಕಾಗಿ ದುಡಿದ ಕೆಲವರ ಹೆಸರುಗಳೇ ಇರಲಿಲ್ಲ. ಆಟ ತಯಾರಾದ ಒಟ್ಟು ಅವಧಿಯ ಕಾಲು ಭಾಗವಾದರೂ ಕೆಲಸ ಮಾಡಿದವರ ಹೆಸರು ಮಾತ್ರ ಹಾಕುವುದು ತಮ್ಮ ನಿಯಮ ಎಂದು ಸ್ಟುಡಿಯೋ ಸಮಜಾಯಿಷಿ ಕೊಟ್ಟಿತು.

ಈ ಮಾತು ನಮಗೂ ಹತ್ತಿರದ್ದು. ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲಿ ‘ಧ್ರುವ ಇಂಟರಾಕ್ಟಿವ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಭಾರತದ ಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲೊಂದು ಅದು. ಹೊರದೇಶಗಳ ದೊಡ್ಡ ಕಂಪೆನಿಗಳ ಆಟಗಳಿಗೆ ಚಿತ್ರ, ವಸ್ತು, ವಾಹನಗಳನ್ನು ಮಾಡಿಕೊಟ್ಟು ಬೆಳೆದ ಸಂಸ್ಥೆ. 2019ರಲ್ಲಿ ‘ಜಿಟಿಎ’ ಖ್ಯಾತಿಯ ರಾಕ್‌ಸ್ಟಾರ್ ಅದನ್ನು ಕೊಂಡಿತು. ಇಂತಹ ಕೆಲಸ ಮಾಡುವ ಸ್ಟುಡಿಯೋಗಳು ಬೆಂಗಳೂರಿನಲ್ಲಿ ಇನ್ನೂ ಹಲವಿವೆ. ನಮ್ಮ ಪರಿಚಯದ ಒಬ್ಬ ಹುಡುಗ ಅಂಥದ್ದೊಂದರಲ್ಲಿ ದುಡಿಯುತ್ತಿದ್ದಾನೆ. ಮುರಿದ ಬಾಗಿಲು, ಪಾಚಿ ಹಿಡಿದ ಗೋಡೆ, ತುಕ್ಕು ತಿಂದ ಲಾರಿ, ಇವುಗಳನ್ನು ಮಾಡುವುದು ಅವನ ಕೆಲಸ. ಒಂದು ಗೋಡೆಗೆ ಪಾಚಿ ಎಲ್ಲಿ ಹಿಡಿಯುತ್ತದೆ, ಎಲ್ಲಿ ಹಿಡಿಯುವುದಿಲ್ಲ ಎಂದು ಮಳೆಗಾಲದಲ್ಲಿ ಊರಿಗೆ ಬಂದಾಗ ಹಳೆ ಮನೆಗಳ ಮುಂದೆ ನಿಂತು ನೋಡುತ್ತಾನೆ. ಯಾವ ಆಟಕ್ಕೆ ಮಾಡುತ್ತಿದ್ದೀ ಎಂದು ಕೇಳಿದರೆ ನಗುತ್ತಾನೆ. ಹೇಳಬಾರದೆಂದು ಬರೆದುಕೊಟ್ಟಿದ್ದಾನೆ. ಆಟ ಬಿಡುಗಡೆಯಾದ ಮೇಲೆ ಕೊನೆಯ ಪಟ್ಟಿಯಲ್ಲಿ ಅವನ ಹೆಸರು ಇದ್ದರೆ ಇರಬಹುದು, ಇಲ್ಲದಿದ್ದರೆ ಇಲ್ಲ. ಅವನ ತಾಯಿಗೆ ಮಗ ಮಾಡುವ ಕೆಲಸವೇನೆಂದು ತೋರಿಸಲು ಬೇರೆ ಯಾವ ದಾರಿಯೂ ಇಲ್ಲ.

ಮಕ್ಕಳು ಜಗಳವಾಡಲಿ, ಬೇಡ ಎನ್ನುವುದಿಲ್ಲ. ಆದರೆ ನಿಂಟೆಂಡೋವೋ ಸೋನಿಯೋ ಎಂದು ಕೇಳುವಲ್ಲಿಗೆ ನಿಲ್ಲದೆ, ಅದರೊಳಗೆ ಕುಳಿತು ಮಾಡಿದವರು ಯಾರು, ಅವರು ಯಾರಿಂದ ಪಡೆದರು ಎಂದು ಕೇಳುವುದನ್ನು ನಾವು ಅವರಿಗೆ ಕಲಿಸಬಹುದು. ಆಟ ಮುಗಿದು ಹೆಸರುಗಳ ಪಟ್ಟಿ ಮೇಲೇರತೊಡಗಿದ ಕೂಡಲೇ ಗುಂಡಿ ಒತ್ತಿ ಅದನ್ನು ಹಾರಿಸಿಬಿಡುವುದು ಎಲ್ಲರ ಅಭ್ಯಾಸ. ಒಮ್ಮೆಯಾದರೂ ಹಾರಿಸದೆ ಓದೋಣ. ಐದೋ ಹತ್ತೋ ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ನಮ್ಮನ್ನು ನಗಿಸಿ, ಬೆಚ್ಚಿಬೀಳಿಸಿ, ಆಡಿಸಿದವರಿಗೆ ಅಷ್ಟು ಸಮಯ ಕೊಡುವುದು ಹೆಚ್ಚೇನಲ್ಲ. ಆ ಪಟ್ಟಿಯಲ್ಲಿ ಇರಬೇಕಾಗಿದ್ದೂ ಇಲ್ಲದವರು ಎಷ್ಟು ಮಂದಿಯೋ!